ಲಿಂಗಮ್ಮನ ಒರಳುಕಲ್ಲು, ನನ್ನ ಮೂರು ಇಂಚು

ಇಪ್ಪತ್ತು ವರ್ಷದ ಹಿಂದೆ ನಾನು ಹೇಳಿದ್ದ ಸುಳ್ಳೊಂದು ಹೋದ ಭಾನುವಾರ ಜೀಪ್ ಹತ್ತಿಕೊಂಡು ಮನೆ ಬಾಗಿಲಿಗೆ ಬಂತು.

ಮನೆ ನನ್ನದಲ್ಲ, ದೊಡ್ಡಪ್ಪನದು. ದೋಣಿಗಲ್ ಹತ್ತಿರದ ಕಾಫಿ ತೋಟ. ಎರಡು ದಿನ ಇದ್ದು ಬರೋಣ ಅಂತ ಹೋಗಿದ್ದೆ. ಜೀಪಿನಿಂದ ಇಳಿದವರು ಹೊಸ ಹೆದ್ದಾರಿಯ ಇಂಜಿನಿಯರ್. ಸಕಲೇಶಪುರ ಪೇಟೆಯೊಳಗೆ ನುಗ್ಗದೆ ಹೊರಗಿನಿಂದಲೇ ಘಾಟಿ ಸೇರುವ ರಸ್ತೆಗೆ ಸರ್ವೆ ನಡೆಯುತ್ತಿದೆಯಲ್ಲ, ಅದು ದೊಡ್ಡಪ್ಪನ ತೋಟದ ಒಂದು ಅಂಚನ್ನು ಸವರಿಕೊಂಡು ಹೋಗುತ್ತದೆ.

(ಈ ರಸ್ತೆ ಬೇಕಾ ಅಂತ ನನ್ನನ್ನು ಕೇಳಬೇಡಿ. ಹೋದ ತಿಂಗಳು ಹಾಸನದಿಂದ ಮದುವೆ ಮುಹೂರ್ತಕ್ಕೆ ಹೊರಟವಳು, ಸಕಲೇಶಪುರದ ಹೇಮಾವತಿ ಸೇತುವೆ ಮೇಲೆ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡು, ತಾಂಬೂಲ ಹಂಚುವ ಹೊತ್ತಿಗೆ ತಲುಪಿದ್ದೇನೆ.)

ದೊಡ್ಡಪ್ಪ ಜಗಳಕ್ಕೆ ಸಜ್ಜಾಗಿಯೇ ಕೂತಿದ್ದರು. ಆದರೆ ಆ ಮನುಷ್ಯ ಕೇಳಿದ್ದೇ ಬೇರೆ.

"ಗೌಡ್ರ, ಮಳಿ ಲೆಕ್ಕ ಬರದಿಟ್ಟೀರೇನ್ರಿ?"

ಅಷ್ಟೇ. ದೊಡ್ಡಪ್ಪ ಕರಗಿ ನೀರಾದರು. ಕಾಫಿ ಬೆಳೆಗಾರರ ಹತ್ತಿರ ಮಳೆ ಲೆಕ್ಕ ಕೇಳುವುದೆಂದರೆ ಅಜ್ಜಿಯ ಹತ್ತಿರ ಮೊಮ್ಮಕ್ಕಳ ಫೋಟೊ ಕೇಳಿದ ಹಾಗೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದಾಚೆಯ ರೇನ್ ಗೇಜ್‌ನಿಂದ ನೀರು ತೆಗೆದು, ಗಾಜಿನ ಅಳತೆಗೆ ಸುರಿದು, ಇಂಚು-ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವುದು. ಆಮೇಲೆ ಪಕ್ಕದ ಎಸ್ಟೇಟಿಗೆ ಫೋನ್: "ನಿಮ್ಮಲ್ಲೆಷ್ಟು?" ನಮ್ಮಲ್ಲಿ ಹತ್ತು ಸೆಂಟ್ಸ್ ಜಾಸ್ತಿ ಎಂದರೆ ಆ ದಿನ ದೊಡ್ಡಪ್ಪನಿಗೆ ಹಬ್ಬ!

ಪುಸ್ತಕಗಳ ಕಟ್ಟೇ ಹೊರಬಂತು. ಇಂಜಿನಿಯರ್ ಪುಟ ತಿರುಗಿಸುತ್ತಾ ಕಣ್ಣರಳಿಸಿದರು. "ನಾ ಬಾಗಲಕೋಟಿ ಕಡಿಯಾಂವ್ರಿ. ನಮ್ಮೂರಾಗ ವರ್ಷಾ ಪೂರ್ತಿ ಬೀಳೋ ಮಳಿ ಇಲ್ಲೆ ಒಂದ ವಾರದಾಗ ಬಿದ್ದೈತಲ್ರೀ!"

ಅವರಿಗೆ ಬೇಕಿದ್ದದ್ದು ಒಂದೇ, ಹಳ್ಳದಲ್ಲಿ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ. ರಸ್ತೆ ನಮ್ಮ ತೋಟದ ಕೆಳಗಿನ ಹಳ್ಳವನ್ನು ದಾಟುತ್ತದೆ. ರಸ್ತೆಗೆ ಮಣ್ಣು ಏರಿಸಿದ ಮೇಲೆ ಹಳ್ಳಕ್ಕೆ ಅದರಡಿಯ ಮೋರಿಯೇ ದಾರಿ. ಅದು ಕಿರಿದಾದರೆ ನೀರು ಹಿಂದಕ್ಕೆ ನಿಂತು ನುಗ್ಗುವುದು ದಂಡೆಯಲ್ಲಿರುವ ಲಿಂಗಮ್ಮನ ಮನೆಗೆ. ಲಿಂಗಮ್ಮ ನಮ್ಮ ತೋಟದ ಹಳೆಯ ಆಳು. ಅವಳಿಗಿರುವುದು ಆ ಮನೆ, ಅದರ ಹಿಂದಿನ ಅಂಗೈಯಗಲದ ಗದ್ದೆ.

ಪುಸ್ತಕದ ಲೆಕ್ಕಕ್ಕೆ ಎರಡು ಸಿಮೆಂಟ್ ಪೈಪ್ ಸಾಕಿತ್ತು. ಇನ್ನೊಬ್ಬರಾಗಿದ್ದರೆ ಕಾಫಿ ಕುಡಿದು ಹೊರಡುತ್ತಿದ್ದರು. ಇವರು ಪ್ಯಾಂಟ್ ಮಡಚಿ, ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತು ಬಿಸಾಡುತ್ತಾ ಲಿಂಗಮ್ಮನ ಮನೆಗೆ ಇಳಿದರು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ದೊಡ್ಡಪ್ಪ. ಹಿಂದೆ ನಾನು.

"ನೀರ ಎಲ್ಲೀ ಮಟಾ ಬಂದಿತ್ತವ್ವಾ?"

ಲಿಂಗಮ್ಮ ಯೋಚಿಸಲೇ ಇಲ್ಲ. ಜಗಲಿ ಮೇಲಿನ ಒರಳುಕಲ್ಲು ತೋರಿಸಿದಳು. "ಒಂದ್ ವರ್ಸ ಇದು ಮುಳುಗೋಗ್ಬುಟ್ಟಿತ್ತು ಕಣಪ್ಪ. ಭೀಮನ ಅಮಾಸೆ ಮಾರ್ನೇ ದಿನ. ನನ್ ಮಗ್ಳು ಉಟ್ಟಿ ಮೂರ್ ದಿನ ಆಗಿತ್ತು. ಕೂಸ್ನ ಎತ್ಕಂಡು ಗುಡ್ಡ ಹತ್ತಿ ಕುಂತಿದ್ದೆ."

ಯಾವ ವರ್ಷ ಎಂದು ಲೆಕ್ಕ ಹಾಕಿದರು. ಪುಸ್ತಕ ತೆರೆದರು. ನಾನು ಬಗ್ಗಿ ನೋಡಿದೆ.

ಅದು ನನ್ನ ಅಕ್ಷರ. ಆ ಮಳೆಗಾಲ ನಾನು ಡಿಗ್ರಿ ಪರೀಕ್ಷೆ ಬರೆದು ರಿಸಲ್ಟ್ ಕಾಯುತ್ತಾ ಅಲ್ಲೇ ಇದ್ದೆ. ದೊಡ್ಡಪ್ಪ ಕಾಲು ಮುರಿದುಕೊಂಡು ಮಲಗಿದ್ದರಿಂದ ರೇನ್ ಗೇಜ್ ನನ್ನ ಪಾಲಿಗೆ ಬಂದಿತ್ತು. ಅಮಾವಾಸ್ಯೆಯ ದಿನದ ಷರಾ ಕಾಲಂನಲ್ಲಿ "ಕಡುಬು ಚೆನ್ನಾಗಿತ್ತು" ಎಂದು ದುಂಡಗೆ ಬರೆದಿದ್ದೇನೆ. ಮಾರನೇ ದಿನ? ಮೂರು ಇಂಚು.

ಇಲ್ಲಿನ ಮಳೆಗಾಲಕ್ಕೆ ಮಾಮೂಲಾದ ಮೂರು ಇಂಚಿಗೆ ಜಗಲಿ ಮುಳುಗುತ್ತದಾ? ಇಂಜಿನಿಯರ್ ಹುಬ್ಬು ಗಂಟಿಕ್ಕಿದರು. ದೊಡ್ಡಪ್ಪನಿಗೆ ಅನುಮಾನವೇ ಇಲ್ಲ. "ಈ ಪುಸ್ತಕ ಸುಳ್ಳು ಹೇಳಲ್ಲ ಸ್ವಾಮಿ. ಹಸಿ ಬಾಣಂತಿ, ಗಾಬ್ರೀಲಿ ಏನ್ ಕಂಡಿದ್ಳೋ."

ಲಿಂಗಮ್ಮ ಸೆರಗು ಸರಿಮಾಡಿಕೊಂಡಳು. "ಬುಕ್ಕಲ್ಲೇ ಬರ್ದೈತೆ ಅಂದ್ಮೇಲೆ ನಾನೇನ್ ಹೇಳ್ಲಿ ಗೌಡ್ರೆ."

ಆ ಮಾತು ಕೇಳಿ ನನಗೆ ನಿಲ್ಲಲಾಗಲಿಲ್ಲ. ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

"ದೊಡ್ಡಪ್ಪ, ಅವತ್ತು ನಾನು ಅಳೀಲೇ ಇಲ್ಲ. ನಮ್ಮನೆ ಜಗಲಿ ಮೇಲೆ ನಿಂತು ಅಂದಾಜಲ್ಲಿ ಬರೆದೆ."

"ಗೇಜ್ ಹತ್ರ ಹೋಗೇ ಇಲ್ವೇನೇ ಮಾರಾಯ್ತಿ?"

"ಗಾಳಿ ಇತ್ತು. ಇಂಬಳ ಇತ್ತು. ಮೂರು ದಿನ ಬಿಟ್ಟು ನೋಡಿದ್ರೆ ಗೇಜಿನೊಳಗಿನ ಬಾಟಲಿ ತುಂಬಿ ಹೊರಗೆ ಚೆಲ್ಲಿತ್ತು."

ದೊಡ್ಡಪ್ಪನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಇಂಜಿನಿಯರ್ ಮಾತ್ರ ನಕ್ಕುಬಿಟ್ಟರು. "ಅದಕ್ಕರೀ ಅಕ್ಕಾರ, ಪುಸ್ತಕ ನೋಡಿದ ಮ್ಯಾಲೂ ಹಳ್ಳದ ದಂಡಿ ಮನಿಗೆ ಬಂದು ಕೇಳೂದು. ಬರಿಯಾವ್ರಿಗೆ ಥಂಡಿ ಆಕ್ಕೈತಿ. ಮನ್ಯಾಗ ನೀರ ಹೊಕ್ಕವ್ರು ಮರಿಯೂದಿಲ್ರಿ."

ಆಮೇಲೆ ಅವರು ಹಳ್ಳಕ್ಕೆ ಇಳಿದರು. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಒರಳುಕಲ್ಲಿನ ಮೇಲೆ ಲಿಂಗಮ್ಮನ ಕೈಯಲ್ಲಿ. ಪೈಪ್ ಮಾತು ಅಲ್ಲಿಗೆ ಮುಗಿಯಿತು. ಆಳು ನೆಟ್ಟಗೆ ನಡೆದುಹೋಗುವಷ್ಟು ಎತ್ತರದ ಮೋರಿಯ ಚಿತ್ರ ಅವರ ನೋಟ್‌ಬುಕ್ಕಿನಲ್ಲಿ ಮೂಡಿತು.

ಹೆದ್ದಾರಿ ಎಂದರೆ ನಾನು ಬುಲ್ಡೋಜರ್, ಡಾಂಬರು, ಟೇಪು ಕತ್ತರಿಸುವ ಮಂತ್ರಿ ಎಂದುಕೊಂಡಿದ್ದೆ. ಅದು ಶುರುವಾಗುವುದು ಹೀಗೆ ಒಬ್ಬರ ಜಗಲಿಯಲ್ಲಿ ಕೂತು ಕೇಳುವುದರಿಂದ ಎಂದು ಯಾರಿಗೆ ಗೊತ್ತಿತ್ತು? ನಾಳೆ ಆ ಮೋರಿಯ ಮೇಲೆ ನಾವೆಲ್ಲ ಭರ್ರೆಂದು ಹೋಗುತ್ತೇವೆ. ಕೆಳಗೊಂದು ಮೋರಿ ಇದೆ ಎಂಬುದೂ ತಿಳಿಯುವುದಿಲ್ಲ. ಈ ಬಾಗಲಕೋಟೆಯ ಮನುಷ್ಯನ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ. ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಇನ್ನು ದೊಡ್ಡಪ್ಪ. ಮನೆಗೆ ಬಂದವರೇ ಪೆನ್ ತೆಗೆದು ನನ್ನ ಮೂರು ಇಂಚಿನ ಮೇಲೆ ಗೆರೆ ಎಳೆದರು. ಕಡುಬಿನ ಕೆಳಗಿನ ಸಾಲಿನಲ್ಲಿ ಬರೆದರು: "ಲಿಂಗಮ್ಮನ ಒರಳುಕಲ್ಲು ಮುಳುಗಿತ್ತು."

ಡಿಗ್ರಿ ಓದಿದವಳು ನಾನು. ಅವತ್ತು ಮಳೆ ಅಳೆದವಳು ಯಾರು, ನೀವೇ ಹೇಳಿ?