ಕುಂದಗೋಳದ ಮಳೆ, ರೇಣುಕವ್ವನ ಹಳ್ಳ

ಬೆಳಿಗ್ಗೆ ಚಹಾ ಕುದಿಯುವ ಮೊದಲೇ ರೇಣುಕವ್ವ ಮೊಬೈಲಿನಲ್ಲಿ ಹವಾಮಾನದ ಸಂದೇಶ ನೋಡುತ್ತಾಳೆ. ನವಲಗುಂದ ತಾಲ್ಲೂಕಿನ ತನ್ನ ಊರಿನಿಂದ ಹೆಣ್ಣಾಳುಗಳನ್ನು ಕೂಡಿಸಿಕೊಂಡು ಹೊಲದ ಕೆಲಸಕ್ಕೆ ಹೋಗುವವಳು ಅವಳು. ಹೊಲಗಳಿರುವುದು ಬೆಣ್ಣೆಹಳ್ಳದ ಆಚೆ. ಸೇತುವೆ ಸುತ್ತಿ ಹೋದರೆ ಅರ್ಧ ಹೊತ್ತು ದಾರಿಯಲ್ಲೇ ಕಳೆಯುತ್ತದೆಂದು ಎಲ್ಲರೂ ಹಳ್ಳಕ್ಕಿಳಿದೇ ದಾಟುತ್ತಾರೆ. ಕರೆದೊಯ್ದವರನ್ನು ಸಂಜೆ ಈಚೆ ದಂಡೆಗೆ ಮುಟ್ಟಿಸುವುದು ಅವಳದೇ ಹೊಣೆ.

ಹೆಸರುಕಾಯಿ ಬಿಡಿಸುವ ದಿನಗಳು. ಹಿಂದಿನ ದಿನ ಸಂದೇಶದಲ್ಲಿ ‘ವ್ಯಾಪಕ ಮಳೆ’ ಎಂದಿತ್ತು. ಜೋರು ಮಳೆ ಎಂದುಕೊಂಡು ಅವಳು ಯಾರನ್ನೂ ಕೆಲಸಕ್ಕೆ ಕರೆಯದೆ ಮನೆಯಲ್ಲೇ ಉಳಿಸಿದಳು. ಬಂದದ್ದು ತುಂತುರು. ಒಂದು ದಿನದ ಪಗಾರ ಹೋಯಿತೆಂದು ಓಣಿಯೆಲ್ಲ ಗೊಣಗಿತು. ರೈತ ಸಂಪರ್ಕ ಕೇಂದ್ರದ ಅಮೃತಾಗೆ ಫೋನ್ ಮಾಡಿದಾಗ ತಿಳಿಯಿತು: ವ್ಯಾಪಕ ಎಂದರೆ ಬಹಳ ಕಡೆ ಮಳೆ ಎಂದಷ್ಟೇ. ಎಷ್ಟು ಬೀಳುತ್ತದೆ ಎಂಬುದನ್ನು ಹಗುರ, ಭಾರಿ, ಅತಿ ಭಾರಿ ಎಂದು ಬೇರೆಯಾಗಿ ಹೇಳುತ್ತಾರೆ.

ಈ ದಿನ ಸಂದೇಶದ ನವಲಗುಂದ ತಾಲ್ಲೂಕಿನ ಸಾಲಿನಲ್ಲಿ ‘ಅಲ್ಲಲ್ಲಿ ಹಗುರ ಮಳೆ’ ಇತ್ತು. ಊರಿನವರೆಲ್ಲ ತಮ್ಮ ತಾಲ್ಲೂಕಿನ ಸಾಲು ಓದಿ ಮೊಬೈಲು ಇಡುವವರೇ. ಅವಳೂ ಇಡುವವಳಿದ್ದಳು. ಅಷ್ಟರಲ್ಲಿ ಅಮೃತಾಳ ಫೋನ್ ಬಂತು.

“ಅಕ್ಕಾರ, ಕುಂದಗೋಳದ ಸಾಲು ಓದ್ರಿ. ಅತಿ ಭಾರಿ ಅಂತೈತಿ. ಅದು ನಿಮ್ಮ ಹಳ್ಳದ ಜಲಾನಯನ ಪ್ರದೇಶ. ಅಲ್ಲಿ ಬಿದ್ದ ನೀರು ನಿಮ್ಮ ಕಡೆನ ಬರತೈತ್ರಿ.”

ಮೇಲೆ ಮಳೆಯಾದರೆ ಹಳ್ಳ ತುಂಬಿ ಬರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಲಾನಯನ ಎಂಬುದು ಮಾತ್ರ ಯಾವುದೋ ದೊಡ್ಡ ಅಣೆಕಟ್ಟಿನ ಮಾತು ಎಂದುಕೊಂಡಿದ್ದಳು. ನೀರು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದಳು. ಅದು ಅಮೃತಾಗೂ ಗೊತ್ತಿರಲಿಲ್ಲ.

ಹೊರಗೆ ಹೆಂಗಸರು ಬುತ್ತಿ ಕಟ್ಟಿಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದೆ ಗಂಗಾ.

“ನಿನ್ನಿ ಮಳಿ ಅಂದಿ, ಬರಲಿಲ್ಲ. ಇವತ್ತ ಮುಗಿಲು ಬೆಳ್ಳಗ ಐತಿ. ಇನ್ನೇನ ಅಂತೈತಿ ಬೇ ನಿನ್ನ ಮೊಬೈಲು?”

ಇನ್ನೊಂದು ದಿನ ಮನೆಯಲ್ಲಿ ಉಳಿಸಿದರೆ ನಾಳೆ ತನ್ನ ಹಿಂದೆ ಯಾರೂ ಬರುವುದಿಲ್ಲ, ಕರೆದೊಯ್ದರೆ ಹಳ್ಳದ ಭಯ. ಕೊನೆಗೆ, ಮಧ್ಯಾಹ್ನದ ಬುತ್ತಿ ಉಂಡ ಕೂಡಲೇ ತಿರುಗುವುದೆಂದು ಹೇಳಿ ಹೊರಟಳು.

ಉಂಡು ಎದ್ದಾಗ ಅರ್ಧ ಹೊಲವೂ ಮುಗಿದಿರಲಿಲ್ಲ. ಹೊಲದ ಯಜಮಾನ ಶಂಭುಲಿಂಗಪ್ಪ ಬದುವಿನ ಮೇಲೆ ನಿಂತು, ಒಣಗಿದ ಕಾಯಿ ಸಿಡಿಯುತ್ತಿವೆ, ಹಳ್ಳದಲ್ಲಿ ಮೊಣಕಾಲುದ್ದವೂ ನೀರಿಲ್ಲ, ಸಂಜೆತನಕ ಇರಿ ಎಂದು ಮೊದಲು ಕೇಳಿಕೊಂಡ. ಆಮೇಲೆ ಸಿಟ್ಟಾದ.

“ಹೋಗೋದಿದ್ರ ಹೋಗ. ನಾಳಿಂದ ಬ್ಯಾರೆ ಆಳು ಕರಸ್ತೀನಿ.”

“ಕರಸ್ರಿ ಯಜಮಾನ್ರ,” ಎಂದು ರೇಣುಕವ್ವ ಚೀಲ ಝಾಡಿಸಿದಳು.

ಎಲ್ಲರೂ ದಾಟಿ ಬಂದರು. ದಾರಿಯುದ್ದಕ್ಕೂ ಉಳಿದವರು ಅವಳನ್ನು ಹಿಂದೆ ಬಿಟ್ಟು ನಡೆದರು.

ದೀಪ ಹಚ್ಚುವ ಹೊತ್ತಿಗೆ ಹಳ್ಳದ ಸದ್ದು ಓಣಿಗೆ ಕೇಳಿಸಿತು. ನೋಡಿ ಬಂದ ಗಂಗಾ, ಕೆಂಪು ನೀರು ದಂಡೆ ಮುಟ್ಟಿದೆ ಎಂದು ಹೇಳಿ, ಬಾಗಿಲಲ್ಲೇ ನಿಂತಳು.

“ಈಗ ಬಂತ ನೋಡ. ಸಂಜಿತನಕ ಬಿಡಿಸಿ ಆರಾಮ ಬರಬಹುದಿತ್ತು.”

“ಹೌದವಾ, ಬರಬಹುದಿತ್ತು,” ಎಂದಳು ರೇಣುಕವ್ವ. ಅದು ಸುಳ್ಳಲ್ಲ. ಹಳ್ಳ ಇಳಿಯುವುದಿಲ್ಲ, ನಾಳೆ ಕೆಲಸವಿಲ್ಲ ಎಂದು ಉಳಿದವರಿಗೂ ತಿಳಿಸಲು ಹೇಳಿ, ಕಾಲು ಚಾಚಿ ಗೋಡೆಗೆ ಒರಗಿದಳು.