ಪೂನಮಳ ಎರಡನೇ ಹೆರಿಗೆ

ಎರಡನೇ ಸಲ ಬಸುರಾದಾಗಲೇ ಪೂನಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಈ ಸಲ ಹೊಟ್ಟೆ ಕೊಯ್ಯಿಸಿಕೊಳ್ಳಬಾರದು, ಹೆತ್ತೇ ತೀರಬೇಕು.

ನಾಲ್ಕು ವರ್ಷದ ಹಿಂದೆ ಅವಳು ಖಾನಾಪುರದ ಆಚೆ, ಗಂಡನ ಹಳ್ಳಿಯಲ್ಲಿದ್ದಳು. ಏಳು ತಿಂಗಳಿಗೇ ನೀರು ಹೋಯಿತು. ಕೂಸು ಅಡ್ಡ ಮಲಗಿದೆ ಎಂದು ಖಾನಾಪುರದ ಸಣ್ಣದೊಂದು ಆಸ್ಪತ್ರೆಯಲ್ಲಿ ಅವಸರವಸರವಾಗಿ ಆಪರೇಷನ್ ಮಾಡಿದರು. ಗಂಡು ಕೂಸು ಎರಡು ದಿನ ಉಸಿರಾಡಿ ಹೋಯಿತು. ಹೊಲಿಗೆಯಲ್ಲಿ ಕೀವು ತುಂಬಿ ಅವಳು ಎರಡು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಅತ್ತೆ ಮಾಯವ್ವ ಕುರಿ ಕಾಯುತ್ತಲೇ ಐದು ಹೆತ್ತವಳು. ಒಂದನ್ನಂತೂ ಹುಣಸೆ ಮರದ ಬುಡದಲ್ಲಿ ಹೆತ್ತು, ಸೆರಗಿನಲ್ಲಿ ಸುತ್ತಿಕೊಂಡು, ಸಂಜೆಗೆ ಕುರಿ ಹೊಡೆದುಕೊಂಡು ಮನೆಗೆ ಬಂದಿದ್ದಳಂತೆ. ಸೊಸೆಯನ್ನು ಅವಳು ಬೈಯಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ, ನಮ್ಮ ಸೊಸೆಗೆ ಹಡೆಯಲು ಬರಲಿಲ್ಲ ಎಂದು ಹೇಳುತ್ತಿದ್ದಳು, ಅಷ್ಟೇ. ಗೋಡೆಯ ಈಚೆ ಮಲಗಿದ್ದ ಪೂನಮಳಿಗೆ ಅದು ಪ್ರತಿ ಸಲವೂ ಕೇಳುತ್ತಿತ್ತು.

ಆಮೇಲೆ ಗಂಡ ಬಾಳೇಶ ಅವಳನ್ನು ಬೆಳಗಾವಿಗೆ ಕರೆತಂದ. ಊರಂಚಿನ ಪೀರನವಾಡಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದರು. ಅವನು ಗೋವಾಕ್ಕೆ ಟೆಂಪೊ ಹೊಡೆಯುತ್ತಿದ್ದ. ಅವಳು ಪಕ್ಕದ ಊರು ಮಚ್ಛೆಯ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಸೇರಿದಳು. ಅಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಪ್ರಮಿಳಾ ಮೊದಲನೆಯದಕ್ಕೆ ಸಿಸೇರಿಯನ್ ಆದರೂ ಎರಡನೆಯದನ್ನು ನಾರ್ಮಲ್ ಹೆತ್ತವಳು. ಆ ಕತೆಯನ್ನು ಪೂನಮ ಎಷ್ಟು ಸಲ ಹೇಳಿಸಿಕೊಂಡಳೋ ಲೆಕ್ಕವಿಲ್ಲ. ಬಸುರಾದ ಮೇಲೆ ಕಾರ್ಖಾನೆಯಿಂದ ಮನೆಗೆ ನಡೆದೇ ಬರತೊಡಗಿದಳು. ಇದನ್ನೆಲ್ಲ ಹೇಳಿದಾಗ ಬಾಳೇಶ ತಟ್ಟೆಯಿಂದ ತಲೆ ಎತ್ತದೆ, ಆಗಲಿ, ನೋಡೋಣ ಎನ್ನುತ್ತಿದ್ದ.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಬ್ರಾಹ್ಮಿ ಅವಳ ಮಾತನ್ನು ಪೂರ್ತಿ ಕೇಳಿದರು. ಆಗುವುದಿಲ್ಲ ಎನ್ನಲಿಲ್ಲ. ಮೊದಲ ಆಪರೇಷನ್ನಿನ ಕಾಗದ ಕೇಳಿದರು. ಇಲ್ಲವೆಂದಾಗ ಪೆನ್ನು ಕೆಳಗಿಟ್ಟರು.

"ಹೊರಗಿನ ಗಾಯ ನೋಡಿ ಒಳಗ ಗರ್ಭಚೀಲ ಹೆಂಗ ಕೊಯ್ದಾರ ಅಂತ ಹೇಳಾಕ ಬರೂದಿಲ್ಲವ್ವಾ. ಕೆಳಗ ಅಡ್ಡ ಕೊಯ್ದಿದ್ರ, ಇಲ್ಲೇ ನಮ್ಮ ಕಣ್ಣ ಮುಂದ ನಾರ್ಮಲ್ ನೋಡೂಣು. ಉದ್ದಕ ಮ್ಯಾಲಿನ ತನಕ ಕೊಯ್ದಿದ್ರ ನೋವು ಬರೂ ಹಂಗಿಲ್ಲ. ಆ ಗಾಯ ಬಿಚ್ಚಿದ್ರ ಕೂಸು ಹೋಗತೈತಿ, ನೀನೂ ಉಳಿಯೂದಿಲ್ಲ."

ಕಾಗದ ಮಳೆಯಲ್ಲಿ ತೋಯ್ದು ಹಾಳಾಯಿತು ಎಂದು ಬಾಳೇಶ ಹೇಳಿದ. ಖಾನಾಪುರಕ್ಕೆ ಹೋಗಿ ಕೇಳೋಣವೆಂದರೆ, ಈ ಹೊಟ್ಟೆ ಹೊತ್ತುಕೊಂಡು ಬಸ್ಸಿನಲ್ಲಿ ಬೇಡ ಎಂದ. ಮುಂದಿನ ವಾರ ತಾನೇ ಹೋಗುವೆನೆಂದ. ಎರಡು ವಾರ ಕಳೆದರೂ ಹೋಗಲಿಲ್ಲ. ಏಳು ತಿಂಗಳು ತುಂಬುತ್ತಿದ್ದಂತೆ, ಅವನು ಗೋವಾಕ್ಕೆ ಹೋದ ಒಂದು ಬೆಳಿಗ್ಗೆ, ಪೂನಮ ಒಬ್ಬಳೇ ಖಾನಾಪುರದ ಬಸ್ಸು ಹತ್ತಿದಳು.

ಆ ಆಸ್ಪತ್ರೆಯ ಹಳೆಯ ನರ್ಸ್ ಗೌರವ್ವನಿಗೆ ಅವಳ ಗುರುತು ಹತ್ತಲಿಲ್ಲ. ತಾರೀಖು ಹೇಳಿದ ಮೇಲೆ ಒಳಗೆ ಹೋಗಿ, ದಾರದಲ್ಲಿ ಕಟ್ಟಿದ್ದ ಫೈಲು ಹುಡುಕಿ ತಂದಳು. ಕನ್ನಡಕ ಹಾಕಿಕೊಂಡು ಓದಿದಳು. ಓದಿದ ಮೇಲೆ ಪೂನಮಳನ್ನು ಬೆಂಚಿನ ಮೇಲೆ ಕೂರಿಸಿದಳು. ಕೂಸು ಸಣ್ಣದು, ಅಡ್ಡವಿತ್ತು, ನೀರು ಒಂದಿಷ್ಟೂ ಉಳಿದಿರಲಿಲ್ಲ. ಹಾಗಾಗಿ ಗರ್ಭಚೀಲವನ್ನು ಉದ್ದಕ್ಕೆ ಕೊಯ್ದಿದ್ದರು. ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದಿತ್ತು. ಮುಂದಿನ ಬಸಿರಿನಲ್ಲಿ ನೋವು ಬರುವ ಮೊದಲೇ ಆಪರೇಷನ್ ಆಗಬೇಕು, ಇದನ್ನು ರೋಗಿಯ ಗಂಡನಿಗೆ ತಿಳಿಸಿ ಹೇಳಲಾಗಿದೆ. ಕೆಳಗೆ ಬಾಳೇಶನ ಸಹಿ ಇತ್ತು. ಅವನು ತನ್ನ ಹೆಸರಿನ ಳಕಾರವನ್ನು ಬಾಲ ಎಳೆದು ಬರೆಯುತ್ತಿದ್ದ. ಬೇರೆಯವರದೆಂದು ಅಂದುಕೊಳ್ಳಲು ದಾರಿಯೇ ಇರಲಿಲ್ಲ.

ನಕಲು ಪ್ರತಿ ತೆಗೆಸಿಕೊಂಡು ಅವಳು ಬಸ್ ನಿಲ್ದಾಣಕ್ಕೆ ಬಂದಳು. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಏಳು ತಿಂಗಳು ಅವನ ಎದುರಿಗೇ ಕೂತು ನಾರ್ಮಲ್ ನಾರ್ಮಲ್ ಎಂದು ಜಪಿಸಿದ್ದಳು. ಆಗಲಿ, ನೋಡೋಣ ಎಂದಿದ್ದನಲ್ಲ, ಏನನ್ನು ನೋಡುವವನಿದ್ದ?

ಸಂಜೆ ಅವನು ಬಂದು ಕೈಕಾಲು ತೊಳೆದ ಮೇಲೆ ಕಾಗದ ಮುಂದಿಟ್ಟಳು. ಬಾಳೇಶ ಅದನ್ನು ಮುಟ್ಟಲಿಲ್ಲ. ಗೋಡೆ ನೋಡುತ್ತ ಹೇಳಿದ:

"ಅವ್ವ ಆಗಲೇ ಬ್ಯಾರೆ ಹೆಣ್ಣು ನೋಡಾಕ ಹತ್ತಿದ್ಲು. ಇದೂ ಗೊತ್ತಾಗಿದ್ರ ನಿನ್ನ ತವರಿಗೆ ಕಳಿಸಿಬಿಡ್ತಿದ್ಲು. ಬಾಯಿ ಮುಚ್ಚಿಕೊಂಡ್ರ ನೀ ಉಳೀತಿ ಅಂದ್ಕೊಂಡಿದ್ನಿ. ಆಮ್ಯಾಲ ಹೇಳಾಕ ಧೈರ್ಯ ಆಗಲಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ಡಾಕ್ಟರ್ ಬ್ರಾಹ್ಮಿ ಕಾಗದ ಓದಿ, ಮೂವತ್ತಾರು ವಾರ ತುಂಬಿದ ಕೂಡಲೇ ಆಪರೇಷನ್ ಎಂದು ದಿನ ಬರೆದುಕೊಟ್ಟರು. ಸಣ್ಣ ನೋವು ಕಂಡರೂ ಕಾಯದೆ ಬರಬೇಕು ಎಂದರು. ಪೂನಮ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಸಂಜೆ ಖೋಲಿಯಲ್ಲಿ, ಬಾಳೇಶನ ಎದುರಿಗೇ, ಬಾಣಂತನಕ್ಕೆಂದು ಹಳ್ಳಿಯಿಂದ ಬಂದಿದ್ದ ಮಾಯವ್ವ, ಡಾಕ್ಟರುಗಳು ಹೆದರಿಸುವುದೇ ಹೀಗೆ, ನೋವು ಬಂದ ಮೇಲೆ ನೋಡಿದರಾಯಿತು ಎಂದಳು.

"ನೋವು ಬಂದ್ರ ನಾ ಸಾಯ್ತೀನ್ರಿ ಅತ್ತಿ. ನಿಮ್ಮ ಮಗಗ ಗೊತ್ತೈತಿ, ಕೇಳ್ರಿ."

ಮಾಯವ್ವ ಮಗನ ಮುಖ ನೋಡಿದಳು. ಅವನು ತಲೆ ಬಗ್ಗಿಸಿದ. ಮರುದಿನ ಅತ್ತೆ, ಮಗ ತನಗೂ ಮುಚ್ಚಿಟ್ಟನೆಂದು ಮುನಿದು, ಗಂಟು ಕಟ್ಟಿಕೊಂಡು ಹಳ್ಳಿಗೆ ಹೋದಳು.

ಗೊತ್ತು ಮಾಡಿದ ದಿನಕ್ಕೆ ಇನ್ನೂ ಆರು ದಿನ ಇತ್ತು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಕಿಬ್ಬೊಟ್ಟೆಯಲ್ಲಿ ಹಿಡಿದಂತಾಯಿತು. ಬಾಳೇಶ ಗೋವಾದ ದಾರಿಯಲ್ಲಿ ಲೋಂಡಾ ದಾಟಿ ಕಾಡಿನೊಳಗಿದ್ದ, ಫೋನು ಹತ್ತಲಿಲ್ಲ. ಎರಡನೆಯ ನೋವಿಗೆ ಕಾಯದೆ ಅವಳು ಪ್ರಮಿಳಾಳನ್ನು ಕರೆದಳು. ರಿಕ್ಷಾ ಊರೊಳಗಿನ ಗೋವಾವೇಸ್ ವೃತ್ತ ದಾಟುವ ಹೊತ್ತಿಗೆ ಒಳಗೆ ಏನೋ ಹರಿದಂತಾಗಿ, ನೋವು ಒಮ್ಮೆಲೇ ನಿಂತುಹೋಯಿತು. ನೋವು ನಿಂತಿತಲ್ಲ ಎಂದು ಪ್ರಮಿಳಾ ಸಮಾಧಾನಪಟ್ಟಳು. ಪೂನಮಳಿಗೆ ಮಾತ್ರ ಕೈಕಾಲು ತಣ್ಣಗಾದವು.

ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿದರೆ ಹಳೆಯ ಗಾಯ ಬಿಚ್ಚಿಕೊಂಡಿತ್ತು. ಹೊಟ್ಟೆ ತುಂಬ ರಕ್ತವಾಗಿತ್ತು. ಕೂಸನ್ನು ಹೊರಗೆ ತೆಗೆದಾಗ ಅದು ಅಳಲಿಲ್ಲ. ಬಹಳ ಹೊತ್ತು ಉಸಿರು ಕೊಟ್ಟ ಮೇಲೆ ಕೀರಲು ಧ್ವನಿ ಬಂತು. ಎರಡು ಕಿಲೋದ ಹೆಣ್ಣು ಕೂಸು. ಗರ್ಭಚೀಲವನ್ನು ಹೊಲಿಯಲು ನೋಡಿದರು, ರಕ್ತ ನಿಲ್ಲಲಿಲ್ಲ. ತೆಗೆದುಹಾಕಿದರು.

ಮೂರನೆಯ ದಿನ ಎಚ್ಚರ ಸರಿಯಾದ ಮೇಲೆ ಡಾಕ್ಟರ್ ಬ್ರಾಹ್ಮಿ ಹಾಸಿಗೆಯ ಬದಿಗೆ ಕೂತು ಎಲ್ಲವನ್ನೂ ಅವಳಿಗೇ ಹೇಳಿದರು. ಬಾಳೇಶ ಕಾಲಬದಿಯಲ್ಲಿ ನಿಂತಿದ್ದ. ಡಾಕ್ಟರು ಹೋದ ಮೇಲೆ ಪೂನಮ ಅವನನ್ನು ಕೇಳಿದಳು:

"ನಾ ಖಾನಾಪುರಕ್ಕ ಹೋಗದಿದ್ರ, ಹೇಳ್ತಿದ್ರೇನ್ರಿ?"

ಅವನು ಸರಿದಿದ್ದ ಹೊದಿಕೆಯನ್ನು ಅವಳ ಕಾಲ ಮೇಲೆ ಎಳೆದ.

"ಗೊತ್ತಿಲ್ಲ," ಎಂದ.

ಕೂಸು ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಹೆಸರಿಡುವ ದಿನ ಮಾಯವ್ವ ಬರಲಿಲ್ಲ. ಪೂನಮ ಮಗಳಿಗೆ ಮಾಯಾ ಎಂದು ಹೆಸರಿಟ್ಟಳು. ಅತ್ತೆಯ ಹೆಸರನ್ನೇ ಯಾಕೆ ಇಟ್ಟೆ ಎಂದು ಪ್ರಮಿಳಾ ಕೇಳಿದ್ದಕ್ಕೆ, ತನ್ನ ಹೆಸರಿನ ಕೂಸೆಂದಾದರೂ ಆ ಮುದುಕಿ ಬಂದು ಎತ್ತಿಕೊಳ್ಳಲೇಬೇಕಲ್ಲ ಎಂದಳು. ಈಗ ಮಗುವಿಗೆ ಒಂದು ವರ್ಷ. ಮುದುಕಿ ಇನ್ನೂ ಬಂದಿಲ್ಲ. ಗಂಡ ಹೆಂಡತಿ ಒಂದೇ ಖೋಲಿಯಲ್ಲಿದ್ದಾರೆ, ಹಾಲು, ಔಷಧ, ಟೆಂಪೊ ರಿಪೇರಿ ಎಂದು ಬೇಕಾದಷ್ಟೇ ಮಾತಾಡುತ್ತಾರೆ. ಮಗಳು ಅಪ್ಪನ ಕೊರಳಿಗೆ ಬಿದ್ದರೆ ಪೂನಮ ತಡೆಯುವುದಿಲ್ಲ. ಆದರೆ ಆಸ್ಪತ್ರೆಗೆ ಮಾತ್ರ ಅವನ ಜೊತೆ ಹೋಗುವುದಿಲ್ಲ, ಮಗಳನ್ನೆತ್ತಿಕೊಂಡು ಒಬ್ಬಳೇ ಹೋಗುತ್ತಾಳೆ.