ಇಟಲಿ ಅಜ್ಜಿಯ ಎಡೆ

ನನ್ನ ಕೈಯ ಪಾಸ್ತಾ ಅರಳಗುಪ್ಪೆಯಲ್ಲಿ ಹೆಸರುವಾಸಿ. ನಗಬೇಡಿ. ಮಗುವಿನ ಹುಟ್ಟುಹಬ್ಬವಿರಲಿ, ಬೀಗರು ಬರಲಿ, ಊರವರು 'ಚಿಕ್ಕಮ್ಮ, ಆ ಬಿಳೀದು ಒಂಚೂರು ಮಾಡ್ಕೊಡು' ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹೊಯ್ದು, ಕೆನೆ ಸೇರಿಸಿ, ಸ್ವೀಟ್ ಕಾರ್ನು, ದಪ್ಪ ಮೆಣಸಿನಕಾಯಿ, ಮೇಲೆ ಚೀಸು. ಪಕ್ಕಕ್ಕೆ ಬೆಳ್ಳುಳ್ಳಿ ಬೆಣ್ಣೆ ಸವರಿ ಸುಟ್ಟ ಬ್ರೆಡ್ಡು. ಇದು ಅಪ್ಪಟ ಇಟಲಿ ಅಡುಗೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಕಲಿಸಿದವಳು ನನ್ನ ಒಡಹುಟ್ಟಿದ ಅಕ್ಕ.

ಅಕ್ಕ ಇಂಗ್ಲೆಂಡಿನಲ್ಲಿ ನರ್ಸು. ಅವ್ವ ಸತ್ತಾಗ ನನಗಿನ್ನೂ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ, ಅಕ್ಕನೇ ಸಾಕಿದಳು. ಸಾಕಿದಳು ನಿಜ, ಒಂದು ದಿನವೂ ಹೊಗಳಲಿಲ್ಲ. ಸಾರು ಮಾಡಿದರೆ ಉಪ್ಪು ಜಾಸ್ತಿ, ರೊಟ್ಟಿ ತಟ್ಟಿದರೆ ಅಂಚು ದಪ್ಪ. ಮದುವೆಯಾಗಿ ಬಂದರೆ ಇಲ್ಲಿ ಅತ್ತೆಯೂ ಅದೇ ತಳಿ. ಹಿರಿಯರ ಬಾಯಿಂದ 'ಚೆನ್ನಾಗಿದೆ ಕಣೇ' ಅನ್ನಿಸಿಕೊಳ್ಳಬೇಕೆಂದು ನನಗೆಷ್ಟು ಆಸೆಯಿತ್ತೋ ನನಗೇ ಗೊತ್ತು.

ಆ ಹೊತ್ತಿಗೆ ಸಿಕ್ಕವಳು ಇಟಲಿ ಅಜ್ಜಿ. ಅಕ್ಕ ಬಾಡಿಗೆಗಿದ್ದ ಮನೆಯ ಒಡತಿ. ಇಟಲಿಯಿಂದ ಬಂದು ಅಲ್ಲಿ ನೆಲೆಸಿದ ಮುದುಕಿ, ಈ ಅಡುಗೆ ಹೇಳಿಕೊಟ್ಟವಳು ಅವಳೇ ಅಂತ ಅಕ್ಕ ಹೇಳಿದ್ದಳು. ಅಕ್ಕ ರಜೆಗೆ ಬಂದಿದ್ದಾಗ ಒಮ್ಮೆ ಕೆನೆಯ ಬದಲು ತೆಂಗಿನ ಹಾಲು ಹಾಕಲು ಹೋದೆ. 'ಬುಡು ಬುಡು, ಅಜ್ಜಿ ಕೇಳುದ್ರೆ ಎದೆ ಒಡ್ಕೊಂಡು ಸತ್ತೋಗ್ತಾಳೆ' ಎಂದು ಅಕ್ಕ ಕೈ ಹಿಡಿದಳು. ಮನೆ ಸುತ್ತ ತೆಂಗಿನ ತೋಟ ಇಟ್ಟುಕೊಂಡು, ಕಾಯಿ ಮುಟ್ಟದೆ ಅಡುಗೆ ಮಾಡಿದೆ.

ಅಕ್ಕ ರಜೆ ಮುಗಿಸಿ ಹೊರಟಾಗಲೆಲ್ಲ ಅಜ್ಜಿಗೆಂದು ಕೊಬ್ಬರಿ ಕಟ್ಟಿಕೊಡುತ್ತಿದ್ದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿ. ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉರುಳುವ ಸದ್ದು ಬರಬೇಕು. ಹಾಗೆ ಒಂದೊಂದನ್ನೂ ಕಿವಿಗೆ ಹಿಡಿದು ಆರಿಸುತ್ತಿದ್ದೆ. ಅಕ್ಕ ಇಂಗ್ಲೆಂಡು ಸೇರಿದ ಮೇಲೆ ಫೋನು ಬರುತ್ತಿತ್ತು: 'ಅಜ್ಜಿ ತಿಂದ್ಳು ಕಣೇ. ನಿನ್ ತಂಗಿ ಕೈಗೆ ಬಂಗಾರದ ಬಳೆ ತೊಡುಸ್ಬೇಕು ಅಂದ್ಳು.' ಅವತ್ತೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಅಕ್ಕ, ಅಜ್ಜಿ ತೀರಿಕೊಂಡಳು ಅಂದಳು. ಸ್ವಂತದವರು ಹೋದಷ್ಟೇ ಸಂಕಟವಾಯಿತು. ಆ ವರ್ಷ ಪಿತೃಪಕ್ಷದ ಅಮಾವಾಸ್ಯೆಯಂದು, ಸತ್ತವರಿಗೆ ಇಷ್ಟವಾದದ್ದನ್ನು ಬಾಳೆಲೆಗೆ ಬಡಿಸಿ ಎಡೆ ಇಡುವಾಗ, ತೀರಿಹೋಗಿದ್ದ ಅತ್ತೆಯ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದೆ. ಅತ್ತೆಗೆ ಕಜ್ಜಾಯ, ವಡೆ. ಅಜ್ಜಿಗೆ ಪಾಸ್ತಾ, ಬೆಳ್ಳುಳ್ಳಿ ಬ್ರೆಡ್ಡು.

'ಅಷ್ಟು ದೂರದಿಂದ ಬತ್ತಾಳೇನೇ?' ಎಂದು ನಮ್ಮನೆಯವರು ನಕ್ಕರು.

'ಬಾಯ್ ಮುಚ್ಕೊಂಡು ಕೈ ಮುಗೀರಿ' ಅಂದೆ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಆಮೇಲೆ ಪ್ರತಿ ವರ್ಷವೂ ಹಾಗೇ ನಡೆಯಿತು.

ಕಳೆದ ಚಳಿಗಾಲದಲ್ಲಿ ನಮ್ಮೂರ ಹಳೆಯ ದೇವಸ್ಥಾನ ನೋಡಲು ಇಟಲಿಯ ಹೆಂಗಸೊಬ್ಬಳು ಬಂದಳು. ಜೊತೆಗೆ ಕನ್ನಡದವನೇ ಆದ ಒಬ್ಬ ಗೈಡು. ಇಟಲಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮನೆಯವರು ಇಬ್ಬರನ್ನೂ ಊಟಕ್ಕೆ ಎಳೆದುಕೊಂಡು ಬಂದರು. 'ಏನು ಅಡುಗೆ ಅಂತ ಆಯಮ್ಮಂಗೆ ಈಗ್ಲೇ ಹೇಳ್ಬ್ಯಾಡ್ರೀ, ತಿಂದ್ಮೇಲೆ ಹೇಳಿ' ಎಂದು ಗೈಡಿಗೆ ತಾಕೀತು ಬೇರೆ. ಬಿಸಿಬಿಸಿ ಪಾಸ್ತಾ, ಬ್ರೆಡ್ಡು ಬಡಿಸಿದೆ. ಅಜ್ಜಿಯ ಕಡೆಯವರೇ ಮನೆಗೆ ಬಂದಂತಾಗಿತ್ತು.

ಅವಳು ತಟ್ಟೆ ಖಾಲಿ ಮಾಡಿ ಏನೋ ಕೇಳಿದಳು. ಗೈಡು ನನ್ನ ಕಡೆ ತಿರುಗಿದ. 'ಭಾಳ ಚೆನ್ನಾಗಿದೆಯಂತೆ ಕಣಮ್ಮ. ಇದು ನಿಮ್ಮ ಸೀಮೆ ಅಡುಗೆನಾ, ಏನಂತಾರೆ ಇದಕ್ಕೆ ಅಂತ ಕೇಳ್ತಾವ್ರೆ.'

'ಅವ್ರದೇ ಅಲ್ವೇನಪ್ಪಾ! ಇಟಲೀದು!' ಅಂದೆ.

ಅವನು ಹೇಳಿದ. ಪಾಪ, ಅವಳ ಮುಖ ಸಣ್ಣಗಾಯಿತು. ಬಿಳಿ ಸಾಸನ್ನು ತಮ್ಮಲ್ಲಿ ಪದರ ಪದರವಾಗಿ ಹಾಕಿ ಬೇಯಿಸುವುದುಂಟು, ಹೀಗೆ ಕಾರ್ನು ಬೆರೆಸಿ ಸುರಿಯುವುದನ್ನು ತನ್ನ ತಾಯಿಯ ಮನೆಯಲ್ಲಿ ಕಂಡಿಲ್ಲ ಅಂದಳಂತೆ. ಆ ಬ್ರೆಡ್ಡನ್ನು ಮೊದಲು ತಿಂದದ್ದೇ ಇಂಗ್ಲೆಂಡಿನಲ್ಲಂತೆ, ಇಂಗ್ಲಿಷರ ತಿಂಡಿ ಅಂದುಕೊಂಡಿದ್ದಳಂತೆ. ಇನ್ನೊಂದು ಸಲ ಹಾಕಿಸಿಕೊಂಡು ತಿಂದಳು. ನಾನು ಬಡಿಸುತ್ತಲೇ ಯೋಚಿಸಿದೆ. ಹಾಗಾದರೆ ಅಜ್ಜಿ ಕಲಿಸಿದ್ದೇನು?

ಅವರು ಅತ್ತ ಹೊರಟರು, ಇತ್ತ ಅಕ್ಕನಿಗೆ ಫೋನು ಹಚ್ಚಿದೆ. 'ನಿಮ್ಮಜ್ಜಿ ಇಟಲಿಯೋಳು ಹೌದೋ ಅಲ್ವೋ, ಬೊಗಳು.'

ಅಕ್ಕ ನಕ್ಕಳು. ನಾನು ನಗಲಿಲ್ಲ. 'ಅಯ್ಯೋ, ಅಜ್ಜಿನೂ ಇಲ್ಲ ಗಿಜ್ಜಿನೂ ಇಲ್ಲ ಕಣೇ. ಆಸ್ಪತ್ರೆ ಕ್ಯಾಂಟೀನಲ್ಲಿ ಇಟಾಲಿಯನ್ ಅಂತ ಬೋರ್ಡ್ ಹಾಕಿ ಕೊಡ್ತಿದ್ರು, ನೋಡ್ಕೊಂಡು ಕಲ್ತೆ. ಸುಮ್ನೆ ತಮಾಷೆಗೆ ಒಂದು ಅಜ್ಜಿ ಕತೆ ಸೇರುಸ್ದೆ. ನೀನು ನಂಬ್ಕೊಂಡ್ಬುಟ್ಟೆ.'

'ಕೊಬ್ಬರಿ?'

'ಏರ್‌ಪೋರ್ಟಲ್ಲಿ ಬುಡಲ್ಲ, ಎಣ್ಣೆ ಇರುತ್ತೆ, ಬೆಂಕಿ ಹತ್ತುತ್ತೆ ಅಂತ. ಮೊದಲ್ನೇ ಸಲ ಕಿತ್ತಿಟ್ಕೊಂಡ್ರು. ಆಮೇಲೆ ಬೆಂಗಳೂರಲ್ಲೇ ಯಾರಿಗಾದ್ರೂ ಕೊಟ್ಟು ಹೋಗ್ತಿದ್ದೆ.'

'ಮತ್ತೆ ಸಾಯ್ಸಿದ್ಯಾಕೆ?'

'ಅಜ್ಜಿ ಹತ್ರ ಫೋನಲ್ಲಿ ಮಾತಾಡ್ಸು, ಮಾತಾಡ್ಸು ಅಂತ ಪ್ರಾಣ ತಿಂತಿದ್ದೆ ನೀನು. ಇನ್ನೇನ್ ಮಾಡ್ಲಿ?'

ಮೈ ಉರಿದುಹೋಯಿತು. ಪಾಸ್ತಾ ಇಟಲಿಯದಾದರೇನು ಕ್ಯಾಂಟೀನಿನದಾದರೇನು, ಹಾಳಾಗಿ ಹೋಗಲಿ. ಎಡೆ ಇಟ್ಟೆನಲ್ಲ! ನನ್ನ ಅತ್ತೆಯ ಪಕ್ಕದಲ್ಲಿ, ಹುಟ್ಟದೇ ಇದ್ದವಳಿಗೆ ಎಲೆ ಹಾಕಿ ಕೈ ಮುಗಿದೆನಲ್ಲ! ಬೇರೆಯವರು ಕಿವಿ ಮೇಲೆ ಹೂವಿಟ್ಟರೆ ಅಕ್ಕನ ಹತ್ತಿರ ಹೇಳಿಕೊಂಡು ಅಳಬಹುದು. ಅಕ್ಕನೇ ಇಟ್ಟರೆ?

'ಬಂಗಾರದ ಬಳೆ ಅಂದಿದ್ದು?' ಎಂದು ಕೇಳಿದೆ.

'ಅದೂ ನಾನೇ. ನಿಂಗೆ ಖುಷಿ ಆಗ್ಲಿ ಅಂತ.'

'ಅದನ್ನ ನೀನೇ ಅಂದಿದ್ರೆ ನಿನ್ ಬಾಯೇನು ಸವೀತಿತ್ತಾ? ಅದಕ್ಕೊಬ್ಳು ಮುದುಕಿ ಬೇಕಾಗಿತ್ತಾ?'

'ಚೆನ್ನಾಗ್ ಮಾಡ್ತೀಯ ಕಣೇ,' ಅಂದಳು ಅಕ್ಕ. 'ಮೊದ್ಲಿಂದ್ಲೂ.'

ಹುಟ್ಟಿದಾಗಿನಿಂದ ಆ ಮಾತಿಗೆ ಕಾದಿದ್ದೆ. ಈಗ ಅವಳ ಬಾಯಿಂದಲೇ ಬಂತು. ಅಜ್ಜಿಯನ್ನು ಹುಟ್ಟಿಸಿ ಸಾಯಿಸಿದ್ದೂ ಅದೇ ಬಾಯಿ, ನಂಬಲಾಗಲಿಲ್ಲ.